ಬೋಲ್ಟಿನ ಬಾಲ

ಮೋಡಮ್ಮ ಹೊಸ ಪಾನಾ ಕೊಂಡುತಂದ ದಿನ ಮಾವ ಅದನ್ನು ಕಿವಿಯ ಹತ್ತಿರ ಹಿಡಿದು ತಿರುಗಿಸಿದ. ಕಿರ್ರ್ ಎಂದಿತು. ಮಾವ ಮುಖ ಹಿಂಡಿದ.

"ಇದೇನೇ, ಜೀರುಂಡೆ ಹಿಡ್ಕೊಂಡು ಬಂದಿದೀಯಾ?"

"ಜೀರುಂಡೆ ಅಲ್ಲ ಮಾವ, ರ‍್ಯಾಚೆಟ್ ಪಾನಾ. ಸಣ್ಣ ಹಲ್ಲಿಂದು," ಎಂದಳು ಮೋಡಮ್ಮ.

ಮೋಡಮ್ಮ ಎನ್ನುವುದು ಅವಳ ಹೆಸರಲ್ಲ. ಕೈಯಲ್ಲಿ ನಟ್ಟು ಹಿಡಿದುಕೊಂಡೇ ಕಿಟಕಿಯಾಚೆ ನೋಡುತ್ತ ನಿಂತುಬಿಡುವ ಅಕ್ಕನ ಮಗಳಿಗೆ ಮಾವ ಇಟ್ಟ ಅಡ್ಡಹೆಸರು. ಆಕಾಶದಲ್ಲಿ ಒಂದು ಮೋಡ ಹೊರಟರೆ ಸಾಕು, ಇವಳೂ ಅದರ ಬೆನ್ನು ಹತ್ತಿ ಹೋಗಿಬಿಡುತ್ತಾಳೆ ಎಂದು ಅವನ ದೂರು. ಆದರೂ ತನ್ನ ರಿಪೇರಿ ಕೆಲಸಕ್ಕೆ ಅವಳನ್ನಲ್ಲದೆ ಬೇರೆ ಯಾರನ್ನೂ ಕರೆದೊಯ್ಯುತ್ತಿರಲಿಲ್ಲ.

ಮಾವನ ಹಳೆಯ ರ‍್ಯಾಚೆಟ್ ದಪ್ಪ ಕುತ್ತಿಗೆಯ ಗಂಡಾಳು. ಒಂದು ಕಡೆ ಎಳೆದರೆ ಬೋಲ್ಟನ್ನು ಹಿಡಿದು ತಿರುಗಿಸುತ್ತಿತ್ತು, ಇನ್ನೊಂದು ಕಡೆ ತಂದರೆ ಕಟಕಟ ಎಂದು ಸುಮ್ಮನೆ ಜಾರಿ ಬರುತ್ತಿತ್ತು. ಬಿಚ್ಚುವುದೋ ಬಿಗಿ ಮಾಡುವುದೋ ಎಂದು ಹೇಳಲು ಅದರ ಕುತ್ತಿಗೆಯಲ್ಲೊಂದು ಪುಟ್ಟ ಕೀಲಿತ್ತು. ಮೋಡಮ್ಮ ತಂದದ್ದು ಚಪ್ಪಟೆ, ತೆಳ್ಳಗೆ, ಕೀಲಿಲ್ಲದ್ದು. ದಿಕ್ಕು ಬದಲಿಸಬೇಕೆಂದರೆ ಬೋಲ್ಟಿನಿಂದ ತೆಗೆದು, ಮಗುಚಿ, ಮತ್ತೆ ಹಾಕಬೇಕು. ಅಂಗಡಿಯಲ್ಲಿ ಎರಡೂ ಇದ್ದವು. ಸಂದಿಗೊಂದಿಯಲ್ಲಿ ತೂರುತ್ತದೆ, ಕೂದಲೆಳೆಯಷ್ಟು ಅಲ್ಲಾಡಿಸಿದರೂ ಮುಂದಿನ ಹಲ್ಲಿಗೆ ಬೀಳುತ್ತದೆ ಎಂದು ಇವಳು ಇದನ್ನೇ ಆರಿಸಿದ್ದಳು.

"ತೂರೋದು ಸರಿ," ಎಂದ ಮಾವ. "ವಾಪಸ್ ಬರೋದು?"

"ಮಗುಚಿ ಹಾಕಿದ್ರಾಯ್ತು."

"ಮಗುಚಬೇಕಾದ್ರೆ ಮೊದ್ಲು ಅದು ಈಚೆ ಬರಬೇಕಲ್ಲ ತಾಯೀ! ಮೇಲೆ ಜಾಗ ಇಲ್ಲದ ಕಡೆ ಬೋಲ್ಟು ಬಿಚ್ಚಿ ಬಿಚ್ಚಿ ಅದರ ತಲೆ ಮೇಲೆದ್ದು, ಪಾನಾನ ಅಲ್ಲೇ ಅದುಮಿ ಹಿಡ್ಕೊಂಡ್ರೆ? ಕೀಲಿದ್ರೆ ತಿರುಗಿಸಿ ಒಂದು ಸುತ್ತು ಬಿಗಿ ಮಾಡಿ ಬಿಡಿಸ್ಕೋಬಹುದು. ಇದನ್ನ?"

ಮಾತಿನಲ್ಲಿ ಸೋಲುವಂತಾದಾಗ ಮಾಡುತ್ತಿದ್ದುದನ್ನೇ ಮೋಡಮ್ಮ ಮಾಡಿದಳು: ಮಾವನ ಬೋಲ್ಟುಗಳನ್ನು ಆಡಿಕೊಂಡಳು. ಬೇಕಾದ್ದಕ್ಕಿಂತ ಉದ್ದದ ಬೋಲ್ಟು ಹಾಕುವುದು, ನಟ್ಟಿನಾಚೆ ಉಳಿದ ತುದಿಯನ್ನು ಕತ್ತರಿಸದೆ ಹಾಗೇ ಬಿಡುವುದು ಮಾವನ ಚಾಳಿ. "ನಿನ್ನ ಬೋಲ್ಟಿಗೆಲ್ಲ ಬಾಲ ಇರುತ್ತೆ. ಮಷೀನು ರಿಪೇರಿ ಮಾಡ್ತೀಯೋ ಮಂಗನ ಸಂಸಾರ ಸಾಕ್ತೀಯೋ?"

"ಇರಲಿ ಬಿಡೇ, ನಿಂಗೇನು ಅದು ಕಚ್ಚುತ್ತಾ?" ಎಂದು ಮಾವ ಮಾತು ತೇಲಿಸಿದ್ದ.

ರಾತ್ರಿ ಮಲಗಿದಾಗ ಮೋಡಮ್ಮ ಹೊಸ ಪಾನಾವನ್ನು ದಿಂಬಿನ ಪಕ್ಕ ಇಟ್ಟುಕೊಂಡು ಅದರ ಉಂಗುರದೊಳಗೆ ಬೆರಳಿಟ್ಟು ನೋಡಿದಳು. ಒಳಗೆ ಅಡಗಿದ ಹಲ್ಲುಗಳೆಲ್ಲ ಒಂದೇ ಕಡೆ ವಾಲಿಕೊಂಡಿರುತ್ತವೆ ಎಂದು ನೆನೆದಾಗ ಅಜ್ಜಿ ಹೇಳುತ್ತಿದ್ದ ಕತೆ ಕಣ್ಣಿಗೆ ಕಟ್ಟಿತು. ಬೆಟ್ಟದಡಿಯ ಗವಿಯೇ ಬಾಯಾದ ಒಬ್ಬ ರಕ್ಕಸಿ. ಹಲ್ಲೆಲ್ಲ ಒಳಮುಖ. ಒಳಗೆ ಹೋಗುವವರಿಗೆ ಹಲ್ಲು ಬಾಗಿ ದಾರಿ ಕೊಡುತ್ತದೆ, ತಿರುಗಿ ಬರುವವರಿಗೆ ಚುಚ್ಚಿ ನಿಲ್ಲಿಸುತ್ತದೆ. ಅವಳು ಬೆರಳನ್ನು ಸರಕ್ಕನೆ ಈಚೆ ಎಳೆದುಕೊಂಡಿದ್ದಳು.

ಇದಾಗಿ ಬಹಳ ದಿನವಾಗಿರಲಿಲ್ಲ. ಬ್ರೆಡ್ ಕಾರ್ಖಾನೆಯಿಂದ ಕರೆ ಬಂತು. ಹಿಟ್ಟು ಕಲಸುವ ಮಷೀನು ಜಗ್ಗಿ ಜಗ್ಗಿ ಓಡುತ್ತಿದೆಯಂತೆ.

ಉದ್ದನೆಯ ಕೋಣೆ, ಒಂದು ತುದಿಗೆ ಒಲೆ, ಇನ್ನೊಂದು ತುದಿಗೆ ಮಷೀನು. ಕಿಟಕಿಯಿಂದ ಬಿದ್ದ ಮಧ್ಯಾಹ್ನದ ಬಿಸಿಲಿನಲ್ಲಿ ಹಿಟ್ಟಿನ ದೂಳು ನಿಂತಲ್ಲೇ ತೇಲುತ್ತಿತ್ತು. ಮಷೀನಿನ ದೊಡ್ಡ ಡ್ರಮ್ಮಿನ ತುಂಬ ಆಗಷ್ಟೇ ಕಲಸಿದ ಹಿಟ್ಟು. ಕೆಲಸಕ್ಕಿದ್ದ ಹಿಟ್ಟಣ್ಣ ರೆಪ್ಪೆಯವರೆಗೂ ಬೆಳ್ಳಗಾಗಿ, ಕಣ್ಣು ಮಾತ್ರ ಬಿಟ್ಟುಕೊಂಡು ನಿಂತಿದ್ದ. ಯಜಮಾನಿ ಸೊಂಟದ ಮೇಲೆ ಕೈಯಿಟ್ಟುಕೊಂಡು, "ಮೇಸ್ತ್ರಿಗಳೇ, ಸಂಜೆ ಗಾಡಿ ಬರೋದ್ರೊಳಗೆ ಬ್ರೆಡ್ಡು ಬೆಂದಿರಬೇಕು ನೋಡಿ," ಎಂದಳು.

ಮಾವ ಮಷೀನಿನ ಗುಂಡಿ ಒತ್ತಿ ನಿಲ್ಲಿಸಿದ. ಪಕ್ಕದ ಮುಚ್ಚಳ ತೆಗೆದ. ಚೈನು ಎಷ್ಟು ಸಡಿಲವಾಗಿದೆ ಎಂದು ನೋಡಲು ಬಲಗೈ ಒಳಗಿಟ್ಟ. ಗೋಡೆಯ ಮೇಲಿನ ಮೇನ್ ಸ್ವಿಚ್ಚನ್ನು ಮೊದಲು ಇಳಿಸಬೇಕಿತ್ತು. ಮೋಡಮ್ಮ ಇಳಿಸಿದ್ದಾಳೆ ಎಂದು ಅವನು ಅಂದುಕೊಂಡ. ಮಾವ ಇಳಿಸಿದ್ದಾನೆ ಎಂದು ಇವಳು ಅಂದುಕೊಂಡಳು.

ಗುಂಡಿಯ ಡಬ್ಬಿಯೊಳಗೆ ಏನೋ ಚಟ್ ಎಂದಿತು. ಮಷೀನು ತಾನಾಗಿಯೇ ಒಮ್ಮೆ ಜಗ್ಗಿತು.

ಮಾವ ಕಿರುಚಲಿಲ್ಲ. ಹ್ಞಾ ಎಂದು ಉಸಿರು ಒಳಗೆಳೆದುಕೊಂಡ, ಅಷ್ಟೇ. ಮೋಡಮ್ಮ ಹಾರಿ ಹೋಗಿ ಮೇನ್ ಸ್ವಿಚ್ ಇಳಿಸುವಷ್ಟರಲ್ಲಿ ಅವನ ಅಂಗೈ ಚೈನಿಗೂ ಹಲ್ಲುಚಕ್ರಕ್ಕೂ ನಡುವೆ ಸಿಕ್ಕಿಕೊಂಡಿತ್ತು. ಮುಂಗೈವರೆಗೆ ಕಾಣುತ್ತಿತ್ತು. ಅಲ್ಲಿಂದಾಚೆ ಕಬ್ಬಿಣ.

ಅವಳು ಮಾವನ ಪಕ್ಕಕ್ಕೆ ಓಡಿಬಂದಳು.

ಹಿಟ್ಟಣ್ಣ ಆಸ್ಪತ್ರೆಗೆ ಫೋನು ಮಾಡಿದ. ಬರುತ್ತೇವೆ, ರಸ್ತೆಯಲ್ಲಿ ಗಾಡಿಗಳು ಕಟ್ಟಿಕೊಂಡಿವೆ ಎಂದರು. ಮಾವನ ಮುಂಗೈ ಆಗಲೇ ಬಣ್ಣ ಬದಲಿಸತೊಡಗಿತ್ತು.

"ಚೈನು ಕತ್ತರಿಸೋಣ್ವಾ?" ಎಂದ ಹಿಟ್ಟಣ್ಣ.

"ಈ ದೂಳಲ್ಲಿ ಕಿಡಿ ಹಾರಿದ್ರೆ ಎಲ್ಲರೂ ಬೆಂದುಹೋಗ್ತೀವಿ," ಎಂದ ಮಾವ ಹಲ್ಲು ಕಚ್ಚಿಕೊಂಡು. "ಕೈಯಲ್ಲಿ ತಿರುಗಿಸಿದ್ರೂ ಅಲ್ಲಾಡಲ್ಲ, ಗೇರು ಬಿಡಲ್ಲ. ಮೋಡಾ, ಹಿಂದೆ ಹೋಗು. ಮೋಟಾರು ಸಡಿಲ ಮಾಡು, ಅದು ಜರುಗಿದ್ರೆ ಚೈನು ಬಿಡುತ್ತೆ."

"ರಿವರ್ಸ್ ಗುಂಡಿ ಇದೆಯಲ್ರೀ!" ಎಂದಳು ಯಜಮಾನಿ. "ಒಂದ್ಸಲ ಹಿಂದಕ್ಕೆ ತಿರುಗಿಸಿದ್ರೆ ಕೈ ತಾನೇ ಈಚೆ ಬರುತ್ತೆ."

ಮೋಡಮ್ಮ ಆ ಡಬ್ಬಿಯ ಕಡೆ ನೋಡಿದಳು. ನಿಲ್ಲಿಸಿದ ಮೇಲೂ ಓಡಿಸಿದ ಡಬ್ಬಿ ಅದು. ಹಿಂದಕ್ಕೆ ಎಂದು ಒತ್ತಿದರೆ ಮುಂದಕ್ಕೆ ಹೋದರೆ? ಮೊಣಕೈ, ತೋಳು...

"ಅದನ್ನ ಯಾರೂ ಮುಟ್ಟಬೇಡಿ!" ಎಂದವಳೇ ಪೆಟ್ಟಿಗೆ ಎಳೆದುಕೊಂಡು ಮಷೀನಿನ ಹಿಂದೆ ತೂರಿದಳು.

ಮೋಟಾರು ಕೂತಿದ್ದ ತಗಡಿಗೆ ನಾಲ್ಕು ಮೂಲೆಗೂ ಬೋಲ್ಟು. ಮೂರಕ್ಕೆ, ತಗಡು ಜರುಗುವಂತೆ, ಉದ್ದ ಸೀಳುಗಳಿದ್ದವು. ಸಾದಾ ಪಾನಾದಲ್ಲಿ ಅವು ಬೇಗ ಸಡಿಲವಾದವು. ಆದರೂ ತಗಡು ಜಪ್ಪಯ್ಯ ಎನ್ನಲಿಲ್ಲ. ಟಾರ್ಚು ಬಿಟ್ಟು ನೋಡಿದರೆ, ಗೋಡೆ ಕಡೆಯ ನಾಲ್ಕನೆಯ ಮೂಲೆಯಲ್ಲಿ ಸೀಳಿಲ್ಲ. ದುಂಡನೆಯ ತೂತು. ಬೋಲ್ಟು ಪೂರ್ತಿ ಹೊರಬರದೆ ಮೋಟಾರು ಜರುಗುವುದಿಲ್ಲ.

"ಈ ಮೂಲೆಗೆ ತೂತು ಹೊಡೆದ ಪುಣ್ಯಾತ್ಮ ಯಾರು?" ಎಂದು ಕೂಗಿದಳು.

"ನಾನೇ ಕಣೇ," ಎಂದ ಮಾವ. "ಮೋಟಾರು ಜರುಗಿ ಜರುಗಿ ಚೈನು ಸಡಿಲ ಆಗ್ತಿತ್ತು. ಇನ್ನು ಜರುಗಲೇಬಾರದು ಅಂತ ಹಾಕಿದ್ದೆ."

"ಉದ್ದ ಎಷ್ಟಿದೆ?"

"ಉದ್ದಾನೇ ಇದೆ."

ಬೋಲ್ಟಿನ ತಲೆಯ ಮೇಲೆ, ಎರಡು ಬೆರಳು ಅಂತರದಲ್ಲಿ, ಮಷೀನಿನ ಮೈಯ ಕಬ್ಬಿಣದ ಪಟ್ಟಿ ಅಡ್ಡ ಹಾದಿತ್ತು. ಆ ಕಡೆ ಗೋಡೆ, ಈ ಕಡೆ ಮೋಟಾರು. ಸಾದಾ ಪಾನಾ ತೂರಿಸಿದರೆ ಹಿಡಿ ಅಲ್ಲಾಡಲು ಬೆರಳಗಲ ಜಾಗ. ಅಷ್ಟರಲ್ಲಿ ಬೋಲ್ಟಿನ ಮುಂದಿನ ಮುಖ ಸಿಗುವುದೇ ಇಲ್ಲ. ಮಾವನ ಹಳೆಯ ರ‍್ಯಾಚೆಟ್ ಹಾಕಿದಳು. ಹಿಂದಕ್ಕೆ ತರುವಾಗ ಕಟ್ ಎನ್ನುವ ಮೊದಲೇ ಹಿಡಿ ಗೋಡೆಗೆ ಬಡಿಯಿತು. ಇನ್ನೊಮ್ಮೆ, ಮತ್ತೊಮ್ಮೆ. ಆ ದಪ್ಪ ಹಲ್ಲು ಮುಂದಿನದಕ್ಕೆ ಬೀಳಲೇ ಇಲ್ಲ.

ಪೆಟ್ಟಿಗೆಯಲ್ಲಿ ಉಳಿದದ್ದು ಹೊಸ ಜೀರುಂಡೆ ಒಂದೇ.

ಅವಳು ಅದನ್ನು ಬಿಚ್ಚುವ ದಿಕ್ಕಿಗೆ ಮಗುಚಿ ಹಿಡಿದು, ತೋಳನ್ನು ಭುಜದವರೆಗೂ ಸಂದಿಯಲ್ಲಿಟ್ಟು ಬೋಲ್ಟಿಗೆ ತೊಡಿಸಿದಳು. ಮೊದಲ ಎಳೆತಕ್ಕೆ ಬೋಲ್ಟು ಬಗ್ಗಲಿಲ್ಲ. ಸಣ್ಣ ಹಲ್ಲು ಎಂಬ ಭಯ. ಜೋರು ಮಾಡಿದರೆ ಒಳಗೇ ಉದುರಿಹೋದೀತು. ಜೋರು ಮಾಡದಿದ್ದರೆ ಮಾವ. ಕಣ್ಣು ಮುಚ್ಚಿ ಎಳೆದಳು.

ಟಕ್ ಎಂದಿತು.

ಮುರಿದದ್ದು ಹಲ್ಲೋ, ಬಿಟ್ಟದ್ದು ಬೋಲ್ಟೋ ತಿಳಿಯಲಿಲ್ಲ. ಹಿಡಿಯನ್ನು ಮೆಲ್ಲಗೆ ಹಿಂದೆ ತಂದಳು. ಕಿರ್ರ್. ಮತ್ತೆ ಎಳೆದಳು. ಬೋಲ್ಟು ಬಂತು, ಒಂದಿಷ್ಟೇ ಇಷ್ಟು.

"ಬಿಡ್ತಾ ಇದೆ ಮಾವ!"

"ಅಳ್ಳಾಡಿಸಿ ನೋಡ್ಕೋತಾ ಹೋಗು," ಎಂದ ಮಾವ. ದನಿ ಎಲ್ಲೋ ದೂರದ ಕೋಣೆಯಿಂದ ಬಂದಂತಿತ್ತು. "ಪಟ್ಟಿಗೆ ತಾಗೋ ಮೊದ್ಲು ಪಾನಾ ಈಚೆ ತೆಗಿ. ಉಳಿದಿದ್ದನ್ನ ಬೆರಳಲ್ಲೇ ಬಿಚ್ಚು. ಮರೀಬೇಡ."

ಎಳೆಯುವುದು, ಕಿರ್ರ್, ಎಳೆಯುವುದು, ಕಿರ್ರ್. ಪ್ರತಿ ಎಳೆತಕ್ಕೂ ಪಾನಾವನ್ನು ಮೇಲೆ ಕೆಳಗೆ ಅಳ್ಳಾಡಿಸಿ ನೋಡುವುದು. ಅಳ್ಳಾಡುತ್ತಿದೆಯೇ? ಅಳ್ಳಾಡುತ್ತಿದೆ. ಟಾರ್ಚು ಯಾವಾಗಲೋ ಉರುಳಿ ಹೋಗಿತ್ತು. ಅವಳ ಕಣ್ಣೆಲ್ಲ ಈಗ ಬೆರಳ ತುದಿಯಲ್ಲಿತ್ತು. ಮೇಲೆ ಡ್ರಮ್ಮಿನ ಅಂಚಿನಿಂದ ಹಿಟ್ಟು ಉಬ್ಬಿ ಬಂದು ಇಣುಕುತ್ತಿತ್ತು. ಬೆಳ್ಳನೆಯ ಹೊಟ್ಟೆ. ನೋಡನೋಡುತ್ತಲೇ ಬೆಳೆಯುವ, ಉಸಿರಾಡುವ ಹೊಟ್ಟೆ. ಮಾವನ ಕೈ ಇರುವುದು ಬಾಯಲ್ಲಿ, ಹೊಟ್ಟೆ ಈಗಲೇ ಉಬ್ಬುತ್ತಿದೆ ಎನ್ನಿಸಿ ಅವಳು ಮುಖ ಗೋಡೆಗೆ ತಿರುಗಿಸಿಕೊಂಡಳು.

"ಮೋಡಾ, ಏನಾದ್ರೂ ಮಾತಾಡೇ. ನಂಗೆ ನಿದ್ದೆ ಬರ್ತಾ ಇದೆ."

"ನಿದ್ದೆ ಮಾಡಬೇಡ ಮಾವ! ಹಿಟ್ಟಣ್ಣಾ, ಮುಖಕ್ಕೆ ನೀರು ಹಾಕಿ!"

"ಅವ್ವನ ಕತೆ ಹೇಳು. ಆ ರಕ್ಕಸಿದು."

ಕಿರ್ರ್. "ಒಂದೂರಲ್ಲಿ ಒಬ್ಬಳು ಹುಡುಗಿ ಇದ್ದಳಂತೆ," ಎಂದಳು ಮೋಡಮ್ಮ. "ಅವಳ ತಮ್ಮನನ್ನ ರಕ್ಕಸಿ ನುಂಗಿದ್ದಳಂತೆ."

"ತಮ್ಮ ಅಲ್ಲ, ಅಣ್ಣ."

"ನಂಗೆ ಅಜ್ಜಿ ತಮ್ಮ ಅಂತಲೇ ಹೇಳಿದ್ದು."

"ನಮ್ಮವ್ವ ನಂಗೆ ಮೊದ್ಲು ಹೇಳಿದ್ದು ಕಣೇ, ನಿಂಗೆ ಆಮೇಲೆ."

ಆ ಸ್ಥಿತಿಯಲ್ಲೂ ಅವಳಿಗೆ ನಗು ಬಂತು. ನಗು ಬಂದದ್ದೇ ಕಣ್ಣಲ್ಲಿ ನೀರಾಯಿತು. "ಆಯ್ತು, ಅಣ್ಣ. ಅವನನ್ನ ತರೋಕೆ ಇವಳು ಗವಿಯೊಳಗೆ ಹೊರಟಳಂತೆ. ಒಂದೊಂದು ಹೆಜ್ಜೆಗೂ ಹಿಂದುಗಡೆ ಒಂದೊಂದು ಹಲ್ಲು ಕಿರ್ರ್ ಅಂತ ಮುಚ್ಚಿಕೊಳ್ತಂತೆ..."

ಗೋಡೆಯ ಕಡೆ ಚಪ್ಪಲಿಯ ಸದ್ದಾಯಿತು. ಸಂದಿಯಿಂದ ನೋಡಿದರೆ ಯಜಮಾನಿಯ ಸೀರೆಯ ಅಂಚು. ಮೇನ್ ಸ್ವಿಚ್ಚಿನ ಕೆಳಗೆ ಹೋಗಿ ನಿಂತಿತು.

"ಆ ಮನುಷ್ಯ ಕಣ್ಣು ಮೇಲೆ ಮಾಡ್ತಾ ಇದಾನೆ, ಇವಳು ಕತೆ ಹೇಳ್ತಾ ಕೂತಿದಾಳೆ," ಎನ್ನುತ್ತಿದ್ದಳು ಯಜಮಾನಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವಿತ್ತು. "ನಾನು ಮೇನ್ ಹಾಕಿ ಒಂದೇ ಒಂದ್ಸಲ ರಿವರ್ಸ್ ಒತ್ತಿಬಿಡ್ತೀನಿ..."

"ಬೇಡಾ!" ಮೋಡಮ್ಮ ಕಿರುಚಿದಳು. "ಹಿಟ್ಟಣ್ಣಾ, ಅವರನ್ನ ಹಿಡ್ಕೊಳಿ! ಕೈ ಹೋಗುತ್ತೆ, ಮಾವನ ಕೈ ಹೋಗುತ್ತೆ!"

ಕಿರುಚುತ್ತಲೇ ಎಳೆದಳು. ಕಿರ್ರ್ ಎಂದು ತಂದು ಇನ್ನೊಮ್ಮೆ ಎಳೆದಳು. ಹಿಟ್ಟಣ್ಣ ಓಡಿಹೋಗಿ ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತ ಸದ್ದು ಕೇಳಿಸಿತು. ಅವಳು ಉಸಿರು ಬಿಟ್ಟು, ಪಾನಾವನ್ನು ಅಳ್ಳಾಡಿಸಿ ನೋಡಿದಳು.

ಅಳ್ಳಾಡಲಿಲ್ಲ.

ಮತ್ತೆ ಒತ್ತಿದಳು. ಮೇಲಕ್ಕಿಲ್ಲ, ಕೆಳಕ್ಕಿಲ್ಲ. ಕೆಳಗಿನಿಂದ ಬೋಲ್ಟಿನ ತಲೆ, ಮೇಲಿನಿಂದ ಕಬ್ಬಿಣದ ಪಟ್ಟಿ, ಎರಡೂ ಸೇರಿ ಪಾನಾವನ್ನು ಕಚ್ಚಿ ಹಿಡಿದಿದ್ದವು. ಬಿಗಿ ಮಾಡುವ ಕಡೆ ತಂದರೆ ಅದು ಬೋಲ್ಟನ್ನು ಹಿಡಿಯುವುದಿಲ್ಲ, ಜಾರುತ್ತದೆ. ಇನ್ನೊಂದೇ ಒಂದು ಹಲ್ಲು ಬಿಚ್ಚಲೂ ಜಾಗವಿಲ್ಲ. ಮಗುಚಿ ಹಾಕಬೇಕಾದರೆ ಮೊದಲು ಅದು ಈಚೆ ಬರಬೇಕು.

ಮಾವ ಅಂದಂತೆಯೇ, ಅಕ್ಷರ ತಪ್ಪದ ಹಾಗೆ.

ಪಾನಾ ಅಲ್ಲಿರುವವರೆಗೆ ಬೋಲ್ಟು ಬರುವುದಿಲ್ಲ, ಬೋಲ್ಟು ಬರುವವರೆಗೆ ಮೋಟಾರು ಜರುಗುವುದಿಲ್ಲ. ಆಸ್ಪತ್ರೆಯವರು ಬರುತ್ತಾರೆ. ಬಂದು ಮಷೀನು ನೋಡುತ್ತಾರೆ. ಆಮೇಲೆ ಮಾವನ ಮುಂಗೈ ನೋಡುತ್ತಾರೆ. ಎರಡರಲ್ಲಿ ಕತ್ತರಿಸಲು ಯಾವುದು ಸುಲಭ ಎಂದು ಅವಳಿಗೆ ಗೊತ್ತಿತ್ತು.

"ಯಾಕೇ ನಿಲ್ಲಿಸಿದೆ?" ಮಾವನ ದನಿ ಪಿಸುಮಾತಾಗಿತ್ತು. "ಹುಡುಗಿ ಒಳಗೆ ಹೋದಳು. ಆಮೇಲೆ?"

ಪಾನಾ ಸಿಕ್ಕಿಕೊಂಡಿತು ಎಂದರೆ ಅವನು ಕಣ್ಣು ಮುಚ್ಚಿಬಿಡುತ್ತಾನೆ ಎಂದು ಹೆದರಿದಳು. ಕತೆಯನ್ನೇ ಹಿಡಿದುಕೊಂಡಳು. "ಒಳಗೆ ಹೋದಳು. ಹಲ್ಲೆಲ್ಲ ಮುಚ್ಚಿಕೊಂಡವು. ಆದ್ರೆ ಅವಳ ಜಡೆ ಉದ್ದ ಇತ್ತಂತೆ, ಮಾವ. ಊರಲ್ಲೆಲ್ಲ ಆಡ್ಕೋತಿದ್ದರಂತೆ, ಎಷ್ಟುದ್ದ ಜಡೆ, ಕತ್ತರಿಸಬಾರದಾ ಅಂತ. ಒಳಗೆ ಹೋಗೋ ಮೊದ್ಲು ಆ ಜಡೆ ತುದೀನ ಅವಳು ಆಚೆ ಒಂದು ಮರಕ್ಕೆ..."

ಮಾತು ಅಲ್ಲೇ ನಿಂತಿತು.

ಅವಳು ತೋಳನ್ನು ಸಂದಿಯಿಂದ ಕಿತ್ತುಕೊಂಡಳು. ಮೊಣಕೈ ಚರ್ಮ ಸುಲಿದದ್ದು ತಿಳಿಯಲಿಲ್ಲ. ನೆಲಕ್ಕೆ ಕೆನ್ನೆ ಹಚ್ಚಿ ಮಲಗಿ, ತಗಡಿನ ಅಡಿಗೆ, ಮಷೀನಿನ ಕಾಲುಗಳ ನಡುವಿನ ಕತ್ತಲಿಗೆ ಕೈ ಚಾಚಿದಳು. ಗ್ರೀಸು, ಹಿಟ್ಟು, ಜೇಡರ ಬಲೆ. ಬೆಸುಗೆ ಹಾಕಿದ ನಟ್ಟು ಬೆರಳಿಗೆ ಸಿಕ್ಕಿತು. ಅದರ ಅಡಿಗೆ ತಡಕಿದಳು.

ಬಾಲವಿತ್ತು.

ಬಿಚ್ಚುತ್ತ ಬಿಚ್ಚುತ್ತ ಬಹುಪಾಲು ಮೇಲಕ್ಕೆ ಸೇದಿಹೋಗಿ, ಉಗುರಿನಷ್ಟು ಮಾತ್ರ ಉಳಿದಿತ್ತು. ಆದರೆ ಇತ್ತು.

"ಹಿಟ್ಟಣ್ಣಾ! ನನ್ನ ಕಾಲ ಹತ್ತಿರ ಪೆಟ್ಟಿಗೆಯಲ್ಲಿ ಲಾಕ್ ಪ್ಲೈಯರ್ ಇದೆ, ಕಚ್ಚಿ ಹಿಡಿಯೋ ಇಕ್ಕಳ! ಕೊಡಿ! ನೀವು ಸ್ವಿಚ್ ಬಿಟ್ಟು ಬರಬೇಡಿ. ಅಮ್ಮಾ, ನೀವು ಕೊಡಿ!"

ಯಜಮಾನಿ ಮೊಣಕಾಲೂರಿ, ಪೆಟ್ಟಿಗೆಯಿಂದ ಒಂದೊಂದೇ ಎತ್ತಿ ತೋರಿಸಿದಳು. ಇದಾ? ಅಲ್ಲ. ಇದಾ? ಅದೇ. ಮೋಡಮ್ಮ ಇಕ್ಕಳದ ಬಾಯನ್ನು ಬಾಲಕ್ಕೆ ಒಡ್ಡಿ ಹಿಡಿ ಅದುಮಿದಳು. ಜಾರಿತು. ಬಾಲದ ಎಳೆ ಸವೆದ ಪುಡಿ ಅವಳ ಕೆನ್ನೆಗೆ ಉದುರಿತು. ಇನ್ನೊಮ್ಮೆ ಜಾರಿದರೆ ಹಿಡಿಯಲು ಏನೂ ಉಳಿಯುವುದಿಲ್ಲ. ಬೆವರಿದ ಅಂಗೈಯನ್ನು ನೆಲದ ಹಿಟ್ಟಿಗೆ ಒರೆಸಿಕೊಂಡು, ಉಸಿರು ಕಟ್ಟಿ, ಮತ್ತೆ ಅದುಮಿದಳು. ಇಕ್ಕಳ ಕಚ್ಚಿತು.

ಬಿಗಿ ಮಾಡುವ ಕಡೆಗೆ, ಬೋಲ್ಟನ್ನು ಕೆಳಗೆಳೆಯುವ ಕಡೆಗೆ, ಮೆಲ್ಲಗೆ ತಿರುಗಿಸಿದಳು. ಮೇಲೆ ಪಾನಾದ ಹಿಡಿಯೂ ಬೋಲ್ಟಿನ ಜೊತೆಗೇ ಸರಿದು ಗೋಡೆಗೆ ತಾಗಿ ನಿಂತಿತು. ಅಷ್ಟೇ, ಬೆರಳಗಲ. ಅದಕ್ಕಿಂತ ಹೆಚ್ಚು ತಿರುಗುವಂತಿರಲಿಲ್ಲ. ಸಿಕ್ಕಿಕೊಂಡದ್ದೂ ಅಷ್ಟರಲ್ಲೇ ತಾನೇ ಎಂದು ಅವಳು ತನಗೇ ಹೇಳಿಕೊಂಡಳು. ಎದ್ದು, ಸಂದಿಗೆ ತೋಳು ತೂರಿಸಿ, ಪಾನಾ ಮುಟ್ಟಿದಳು.

ಅಳ್ಳಾಡಿತು. ಹಾಲುಹಲ್ಲು ಅಳ್ಳಾಡುವ ಹಾಗೆ, ಇದೆಯೋ ಇಲ್ಲವೋ ಎನ್ನುವಷ್ಟು. ಉಗುರು ಸಿಕ್ಕಿಸಿ ಮೀಟಿದಳು. ಪಾನಾ ಬೋಲ್ಟಿನಿಂದ ಕಳಚಿ, ಠಣ್ಣೆಂದು ನೆಲಕ್ಕೆ ಬಿತ್ತು.

"ಏನೇ ಅದು ಬಿದ್ದಿದ್ದು?"

"ಜೀರುಂಡೆ, ಮಾವ."

ಇಕ್ಕಳ ಬಿಡಿಸಿ, ಉಳಿದದ್ದನ್ನು ಬೆರಳಲ್ಲೇ ತಿರುಗಿಸಿದಳು. ಬೋಲ್ಟು ಒರಟು. ಬೆರಳ ತುದಿ ಸುಲಿದು ಎಣ್ಣೆಯ ಜೊತೆ ರಕ್ತವೂ ಸೇರಿತು. ಯಜಮಾನಿ ಹಲಗೆಯೊಂದನ್ನು ಮೋಟಾರಿನ ಅಡಿಗೆ ಕೊಟ್ಟು, ಹೆಗಲು ಹಚ್ಚಿ ಭಾರ ಎತ್ತಿ ಹಿಡಿದಳು. ಆಗ ಬೋಲ್ಟು ಸಲೀಸಾಯಿತು. ತಿರುಗಿತು, ತಿರುಗಿತು, ವಾಲಿತು, ಉದ್ದ ಬಾಲ ಎಳೆದುಕೊಂಡು ಅವಳ ಅಂಗೈಗೆ ಬಂದು ಬಿತ್ತು.

"ಈಗ! ಹಲಗೆ ಮೀಟಿ!"

ಮೋಟಾರು ಒಮ್ಮೆ ನರಳಿ ಜರುಗಿತು. ಚೈನು ಜೋಲುಬಿತ್ತು.

ಮಾವ ಆಗ ಕಿರುಚಿದ. ಅಷ್ಟು ಹೊತ್ತು ಕಟ್ಟಿಟ್ಟುಕೊಂಡದ್ದೆಲ್ಲ ಒಂದೇ ಕೂಗಾಗಿ ಬಂತು. ಮೋಡಮ್ಮ ಮುಂದೆ ಬರುವಷ್ಟರಲ್ಲಿ ಅವನು ನೆಲಕ್ಕೆ ಕುಸಿದು, ಗೋಡೆಗೆ ಒರಗಿ, ಮುಖ ಆಚೆ ತಿರುಗಿಸಿಕೊಂಡಿದ್ದ. ಬಲಗೈ ತೊಡೆಯ ಮೇಲಿತ್ತು, ಅದು ಅವನದಲ್ಲವೇನೋ ಎಂಬಂತೆ.

"ನಾನು ನೋಡಲ್ಲ ಕಣೇ," ಎಂದ. "ನೀನೇ ನೋಡಿ ಹೇಳು. ಎಲ್ಲಾ ಇದಾವಾ?"

ಅವಳು ನೋಡಿದಳು. ಗ್ರೀಸು, ರಕ್ತ, ಚೈನಿನ ಅಚ್ಚು. ಹೆಬ್ಬೆರಳು ಇತ್ತು. ತೋರುಬೆರಳು ಇತ್ತು. ನಡುವಿನ ಎರಡು ಊದಿ, ಬೇರೆ ಯಾರದೋ ಬೆರಳುಗಳ ಹಾಗೆ ಬಾಗಿದ್ದವು. ಕಿರುಬೆರಳು ಇತ್ತು.

"ಎಲ್ಲಾ ಇದಾವೆ ಮಾವ. ಅಲ್ಲಾಡಿಸು ನೋಡೋಣ."

ಅವನು ಕಣ್ಣು ಬಿಗಿಯಾಗಿ ಮುಚ್ಚಿಕೊಂಡ. ಹೆಬ್ಬೆರಳು ಅಲ್ಲಾಡಿತು. ತೋರುಬೆರಳು ಒಂದಿಷ್ಟು. ಕಿರುಬೆರಳು. ನಡುವಿನ ಎರಡು ಸುಮ್ಮನಿದ್ದವು. ಮೋಡಮ್ಮ ಕಾದಳು. ಬೀದಿಯಲ್ಲಿ ಆಸ್ಪತ್ರೆಯ ಗಾಡಿಯ ಕೂಗು ಕೇಳಿಸತೊಡಗಿತು. ಡ್ರಮ್ಮಿನಿಂದ ಉಕ್ಕಿದ ಹಿಟ್ಟು ಅಂಚಿನಾಚೆ ಜೋತು, ಒಂದು ದೊಡ್ಡ ತೊಟ್ಟಾಗಿ ನೆಲಕ್ಕೆ ಬಿತ್ತು. ಅವಳು ಬೆಚ್ಚಿಬಿದ್ದಳು.

"ಹೇಳೇ, ಅಲ್ಲಾಡಿದ್ವಾ?"

"ಇನ್ನೊಂದ್ಸಲ ಮಾಡು," ಎಂದಳು.

ಬಿಳಿ ಅಂಗಿಯವರು ಒಳಗೆ ಬಂದು ಮಾವನನ್ನು ಎತ್ತುವವರೆಗೂ ಅವಳು ಆ ಎರಡು ಬೆರಳುಗಳ ಮೇಲಿಂದ ಕಣ್ಣು ಕೀಳಲಿಲ್ಲ. ಗಾಡಿಯಲ್ಲಿ ಅವನ ಪಕ್ಕ ಕೂತ ಮೇಲಷ್ಟೇ ತನ್ನ ಎಡಗೈ ಇನ್ನೂ ಮುಷ್ಟಿಯಾಗಿರುವುದು ತಿಳಿಯಿತು. ಬಿಡಿಸಿದಳು. ಒಳಗೆ ಬೋಲ್ಟು.

ಮಾವ ಅರೆಗಣ್ಣಿನಲ್ಲಿ ಅದನ್ನು ನೋಡಿದ. "ಬಾಲ ಕತ್ತರಿಸು ಅಂತ ಇನ್ನೊಂದ್ಸಲ ಅನ್ನು, ನೋಡೋಣ."

"ಅನ್ನಲ್ಲ."

"ಕತೆ ಅರ್ಧಕ್ಕೆ ಬಿಟ್ಟೆ. ಜಡೆ ಹಿಡ್ಕೊಂಡು ಈಚೆ ಬಂದಳಾ?"

"ಬಂದಳು."

"ಅಣ್ಣ?"

ಗಾಡಿ ತಿರುವಿನಲ್ಲಿ ಕುಲುಕಿತು. ಮಾವ ನೋವಿಗೆ ತುಟಿ ಕಚ್ಚಿದ. ಬಟ್ಟೆ ಸುತ್ತಿದ ಕೈಯಿಂದ ಹೊರಗುಳಿದ ನಡುಬೆರಳಿನ ತುದಿ, ಅವಳು ನೋಡುತ್ತಿದ್ದಂತೆಯೇ, ಒಮ್ಮೆ ಮಿಡುಕಿತು. ಗಾಡಿಯ ಕುಲುಕಿಗೋ, ತಾನಾಗಿಯೋ ಹೇಳುವಂತಿರಲಿಲ್ಲ. ಅವಳು ಇನ್ನೊಂದು ಮಿಡುಕಿಗಾಗಿ, ಉಸಿರಾಡಲೂ ಹೆದರಿ, ಕಾಯುತ್ತ ಕೂತಳು.

"ಅಣ್ಣನೂ ಬರ್ತಾನೆ ಮಾವ," ಎಂದಳು. "ತಾಳು, ಹೇಳ್ತೀನಿ."